ಇರುವೆಯ ಬಳಿಗೆ

ಯಡಿಯೂರು ಕೆರೆಯ ಸುತ್ತ ಮುಂಜಾನೆ ನಡೆಯುವವರ ಸಂಖ್ಯೆ ದೊಡ್ಡದು. ಎಲ್ಲರಿಗೂ ಅವಸರ. ಕೈಗಳನ್ನು ಬೀಸುತ್ತ, ಸುತ್ತುಗಳನ್ನು ಎಣಿಸುತ್ತ ಸಾಗುತ್ತಾರೆ. 2020ರಲ್ಲಿ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ವೈದ್ಯರ ಅಪ್ಪಣೆಯಂತೆ ನಾನೂ ಆ ಗುಂಪನ್ನು ಸೇರಿದೆ. ಆದರೆ ನನ್ನ ನಡಿಗೆ ಬಹಳ ದೂರ ಸಾಗುವುದಿಲ್ಲ. ದಾರಿಯ ಪಕ್ಕದಲ್ಲಿ ಒಂದು ಹೊಂಗೆಯ ಮರವಿದೆ. ಅದರ ಬುಡದಿಂದ ಹೊರಟು, ಕಲ್ಲುಹಾಸಿನ ಅಂಚನ್ನು ಹಿಡಿದು, ಬೇಲಿಯಾಚೆಗೆ ಮರೆಯಾಗುವ ಇರುವೆಗಳ ಸಾಲೊಂದು ದಿನವೂ ಅಲ್ಲಿರುತ್ತದೆ. ಅದರ ಮುಂದೆ ನಾನು ನಿಂತುಬಿಡುತ್ತೇನೆ. ಕೆಲವೊಮ್ಮೆ ಕುಳಿತೂ ಬಿಡುತ್ತೇನೆ. ಮೊದಮೊದಲು ಜನ ಹತ್ತಿರ ಬಂದು, “ಏನಾಯಿತು ಮೇಷ್ಟ್ರೇ, ತಲೆ ಸುತ್ತಿತೇ?” ಎಂದು ವಿಚಾರಿಸುತ್ತಿದ್ದರು. ಈಗ ಅವರಿಗೂ ರೂಢಿಯಾಗಿದೆ.

ಒಂದು ದಿನ ಆ ಸಾಲಿಗೆ ಅಡ್ಡಲಾಗಿ ಕಲ್ಲಿನ ಮೇಲೆ ಒದ್ದೆ ಬೆರಳನ್ನು ಎಳೆದೆ. ಯಾವ ಇರುವೆಯನ್ನೂ ನಾನು ಮುಟ್ಟಿರಲಿಲ್ಲ. ಬೆರಳಗಲದ ಒಂದು ಗೆರೆಯನ್ನು ಒರೆಸಿದ್ದೆ, ಅಷ್ಟೆ. ಆದರೆ ಆಚೆಯಿಂದ ಬಂದವು ಆಚೆಯೇ ನಿಂತವು, ಈಚೆಯಿಂದ ಬಂದವು ಈಚೆಯೇ ನಿಂತವು. ಕಣ್ಣಿಗೆ ಕಾಣದ ಗೋಡೆಯೊಂದು ಎದ್ದಂತಾಯಿತು. ಎರಡೂ ಕಡೆ ಮೀಸೆಗಳನ್ನು ಆಡಿಸುತ್ತ ಅವು ತಡಕಾಡಿದವು. ಒಂದು ಹಿಂದಿರುಗಿತು. ಇನ್ನೊಂದು ಅತ್ತಿತ್ತ ಸುತ್ತಿ, ಕೊನೆಗೆ ಹೇಗೋ ಆ ಗೆರೆಯನ್ನು ದಾಟಿತು. ಅದರ ಹಿಂದೆ ಮತ್ತೊಂದು ದಾಟಿತು. ಸ್ವಲ್ಪ ಹೊತ್ತಿನಲ್ಲಿ ಸಾಲು ಮತ್ತೆ ಕೂಡಿಕೊಂಡಿತು. ಇರುವೆಗಳು ನಡೆಯುತ್ತಿದ್ದುದು ಕಲ್ಲಿನ ಮೇಲಲ್ಲ, ಹಿಂದೆ ಹೋದವುಗಳು ಬಿಟ್ಟುಹೋದ ವಾಸನೆಯ ಮೇಲೆ. ನಾನು ಒರೆಸಿದ್ದು ಒಂದು ಬರಹವನ್ನು.

ಈ ಸಂಗತಿ ಪುಸ್ತಕದಿಂದ ನನಗೆ ಗೊತ್ತಿತ್ತು. ಅರವತ್ತು ದಾಟುವವರೆಗೆ ಕಣ್ಣಾರೆ ನೋಡಿರಲಿಲ್ಲ. ಆ ಮುಂಜಾನೆ ನನಗೆ ಸಂತೋಷವಾಗಬೇಕಾಗಿತ್ತು; ಸಂತೋಷಕ್ಕೆ ಬದಲು ಒಬ್ಬ ಹುಡುಗನ ನೆನಪಾಯಿತು. ಅವನ ವಿಷಯವನ್ನು ಹೇಳುವ ಮುನ್ನ ನನ್ನ ತಾತನ ವಿಷಯವನ್ನು ಹೇಳಬೇಕು.

ನಮ್ಮ ತಾತ ತುಮಕೂರಿನ ಕಡೆ ವೆಸ್ಲಿಯನ್ ಮಿಷನ್ನಿನಲ್ಲಿ ಉಪದೇಶಿಗಳಾಗಿದ್ದವರು. ಸಂಜೆ ದೀಪ ಹಚ್ಚಿದ ಮೇಲೆ ಕನ್ನಡ ಸತ್ಯವೇದವನ್ನು ತೆರೆದು ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು ಓದುತ್ತಿದ್ದರು. ಸೊಲೊಮೋನನ ಜ್ಞಾನೋಕ್ತಿಗಳೆಂದರೆ ಅವರಿಗೆ ಬಹಳ ಪ್ರೀತಿ. ಅಲ್ಲಿ ಆ ಜ್ಞಾನಿಯಾದ ಅರಸನು ಮೈಗಳ್ಳನೊಬ್ಬನನ್ನು ಇರುವೆಯ ಬಳಿಗೆ ಹೋಗಿ ಅದರ ನಡತೆಯನ್ನು ನೋಡಿ ಬುದ್ಧಿ ಕಲಿಯುವಂತೆ ಹೇಳುವ ಭಾಗವಿದೆ. ಆ ಭಾಗ ಬಂದಾಗಲೆಲ್ಲ ತಾತನ ದೃಷ್ಟಿ ಕನ್ನಡಕದ ಮೇಲಿನಿಂದ ನನ್ನತ್ತ ಹೊರಳುತ್ತಿತ್ತು. ನಾನು ತಲೆ ತಗ್ಗಿಸುತ್ತಿದ್ದೆ. ಹೀಗೆ ಆ ಮಾತು ನನ್ನ ಮನಸ್ಸಿನಲ್ಲಿ ಗದರಿಕೆಯ ರೂಪದಲ್ಲಿಯೇ ನೆಲೆಸಿತು. ಮುಂದೆ ಎಂ.ಎ. ಮುಗಿಸಿ ಮೇಷ್ಟರಾದಾಗ, ತಾತನಿಂದ ಬಂದ ಆಸ್ತಿಯೆಂಬಂತೆ ಆ ಗದರಿಕೆಯನ್ನು ನಾನೂ ಬಳಸತೊಡಗಿದೆ.

1987ರಲ್ಲಿ ನಾನು ಕನಕಪುರದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಕೆಲವು ವಾರ ಚುರುಕಾಗಿರುವನು. ಕೆಲವು ವಾರ ತರಗತಿಗೆ ತಡವಾಗಿ ಬರುವನು, ಬಂದವನು ತೂಕಡಿಸುವನು. ತೂಕಡಿಸದೆ ಇದ್ದಾಗ ಕಿಟಕಿಯ ಕಟ್ಟೆಯ ಮೇಲೆ ಹರಿಯುವ ಇರುವೆಗಳನ್ನು ನೋಡುತ್ತ ಕುಳಿತಿರುವನು. ಒಂದು ದಿನ ನಾನು ಹಳಗನ್ನಡ ಪದ್ಯವೊಂದನ್ನು ಬಿಡಿಸಿ ಹೇಳುತ್ತಿರುವಾಗ ಅವನ ತಲೆ ಬೆಂಚಿಗೆ ತಗುಲಿ ಸದ್ದಾಯಿತು. ತರಗತಿ ನಕ್ಕಿತು. ನನಗೆ ಸಿಟ್ಟು ಬಂದಿತು. ಬೆತ್ತದಿಂದ ಎರಡು ಏಟು ಕೊಟ್ಟೆ. ಅದು ಸಾಲದೆಂದು, ಸೊಲೊಮೋನನ ಆ ಮಾತುಗಳನ್ನು ಹಲಗೆಯ ಮೇಲೆ ಬರೆದು, ನಾಳೆ ಬರುವಾಗ ನೂರು ಸಲ ಇಂಪೊಸಿಷನ್ ಬರೆದು ತರಬೇಕೆಂದು ಹೇಳಿದೆ.

ಮರುದಿನ ಅವನು ಬರೆದು ತಂದ. ಅಕ್ಷರಗಳು ಮೊದಲ ಪುಟದಲ್ಲಿ ದುಂಡಾಗಿದ್ದು ಬರಬರುತ್ತ ವಾಲಿದ್ದವು. ಪುಟಗಳನ್ನು ತಿರುವಿ ಹಾಕಿ ನೋಟ್‌ಬುಕ್ಕನ್ನು ಹಿಂದಕ್ಕೆ ಕೊಟ್ಟೆ. ಅವನು ಹೋಗಲಿಲ್ಲ.

“ಏನೋ?” ಎಂದೆ.

“ಸಾರ್, ಇರುವೆಗೆ ದೊರೆ ಇಲ್ಲ, ಮೇಸ್ತ್ರಿ ಇಲ್ಲ, ನೋಡಿಕೊಳ್ಳೋರು ಯಾರೂ ಇಲ್ಲ ಅಂತ ಇದೆ. ಹಾಗಾದರೆ ಅವಕ್ಕೆ ಕೆಲಸ ಹೇಳೋರು ಯಾರು ಸಾರ್?”

ಆ ಮಾತಿನಲ್ಲಿ ಕುಚೇಷ್ಟೆ ಇರಲಿಲ್ಲ. ಮೂಲದಲ್ಲಿ ಆ ವಿಚಾರ ಇದ್ದೇ ಇದೆ. ಇರುವೆಗೆ ಅಧಿಪತಿಯಾಗಲಿ ಮೇಲ್ವಿಚಾರಕನಾಗಲಿ ಪ್ರಭುವಾಗಲಿ ಇಲ್ಲ. ಆದರೂ ಅದು ಸುಗ್ಗಿಯ ಕಾಲದಲ್ಲಿ ಆಹಾರವನ್ನು ಕೂಡಿಸಿಕೊಳ್ಳುತ್ತದೆ ಎಂಬುದೇ ಸೊಲೊಮೋನನ ಬೆರಗು. ಬಾಲ್ಯದಿಂದ ಕೇಳಿದ್ದ ನನಗೆ ಆ ನಡುವಿನ ಮಾತು ಎಂದೂ ಕೇಳಿಸಿರಲಿಲ್ಲ. ನೂರು ಸಲ ಬರೆದವನಿಗೆ ಕೇಳಿಸಿತ್ತು.

“ದೇವರು ಹೇಳುತ್ತಾನೆ. ಹೋಗಿ ಕೂತುಕೊ” ಎಂದೆ.

ಅವನು ಹೋಗಿ ಕುಳಿತುಕೊಂಡ. ಮುಂದೆ ಎಂದೂ ನನ್ನನ್ನು ಏನನ್ನೂ ಕೇಳಲಿಲ್ಲ.

ಅದೇ ವಾರದ ಕೊನೆಗೆ ಬೇರೊಂದು ಕೆಲಸದ ಮೇಲೆ ಅವರ ಬೀದಿಗೆ ಹೋಗಿದ್ದೆ. ಅವನ ತಾಯಿ ಗುರುತು ಹಿಡಿದು ಒಳಕ್ಕೆ ಕರೆದರು. ಮನೆಯ ಮುಕ್ಕಾಲು ಭಾಗ ರೇಷ್ಮೆಹುಳುವಿನ ತಟ್ಟೆಗಳಿಂದ ತುಂಬಿತ್ತು. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ತಿನ್ನುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ, ಮನೆಯನ್ನೆಲ್ಲ ಆವರಿಸಿತ್ತು. ರೇಷ್ಮೆ ಸಾಕಿದವರಿಗೆ ಗೊತ್ತು: ಆ ಕೊನೆಯ ಹಂತದಲ್ಲಿ ಹುಳುಗಳ ಹಸಿವಿಗೆ ಹಗಲಿಲ್ಲ, ರಾತ್ರಿಯಿಲ್ಲ. ಸುಮಾರು ಒಂದು ವಾರ ಹೊತ್ತುಹೊತ್ತಿಗೆ ಸೊಪ್ಪು ಹಾಕುತ್ತಲೇ ಇರಬೇಕು. “ರಾತ್ರಿ ಸೊಪ್ಪು ಹಾಕೋದೆಲ್ಲ ಇವನೇ ಸಾರ್. ಅವರಪ್ಪನಿಗೆ ಉಬ್ಬಸ” ಎಂದರು ಆ ತಾಯಿ. ಹುಡುಗ ಗೋಡೆಗೆ ಒರಗಿಸಿದ ಚಂದ್ರಿಕೆಯ ಮರೆಯಲ್ಲಿ ನಿಂತಿದ್ದ. ನಾನು ಕೊಟ್ಟ ಕಾಫಿಯನ್ನು ಕುಡಿದು ಬಂದೆ. ಆಗ ಮೇಷ್ಟರುಗಳು ಹುಡುಗರಲ್ಲಿ ಕ್ಷಮೆ ಕೇಳುವ ಪದ್ಧತಿ ಇರಲಿಲ್ಲ. ಪದ್ಧತಿ ಇರಲಿಲ್ಲವೆಂಬುದು ನೆಪ; ನನಗೆ ಧೈರ್ಯವಿರಲಿಲ್ಲ. ಹುಡುಗ ಎಸ್.ಎಸ್.ಎಲ್.ಸಿ.ಯ ನಂತರ ಓದನ್ನು ಬಿಟ್ಟನೆಂದು ಕೇಳಿದೆ.

ಅವನ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಕನ್ನಡದ ಮೇಷ್ಟರಾದ ನಾನು ಜೀವಶಾಸ್ತ್ರದ ಪುಸ್ತಕಗಳನ್ನು ಹುಡುಕಿ ಓದತೊಡಗಿದ್ದು ಅಂದಿನಿಂದ.

ಓದುತ್ತ ಹೋದಂತೆ ಒಂದು ವಿನೋದ ಕಂಡಿತು. ಸೊಲೊಮೋನನನ್ನು ಬಹುಕಾಲ ನಂಬದಿದ್ದವರು ಪಂಡಿತರೇ. ಉತ್ತರ ಯೂರೋಪಿನ ಇರುವೆಗಳು ಧಾನ್ಯವನ್ನು ಶೇಖರಿಸುವುದಿಲ್ಲ. ಆದ್ದರಿಂದ ಅಲ್ಲಿಯ ವಿದ್ವಾಂಸರು, ಗೂಡಿನಲ್ಲಿದ್ದ ಮೊಟ್ಟೆ ಕೋಶಗಳನ್ನೇ ಕಾಳುಗಳೆಂದು ಹಿಂದಿನವರು ಭ್ರಮಿಸಿರಬೇಕೆಂದು ಬರೆದರು. 1830ರ ದಶಕದಲ್ಲಿ ಸೈಕ್ಸ್ ಎಂಬ ಸೈನ್ಯಾಧಿಕಾರಿ ಪುಣೆಯಲ್ಲಿ ತಾನು ಕಂಡ ಇರುವೆಗಳ ವಿಷಯವನ್ನು ಪ್ರಕಟಿಸಿದನು. ಅವು ಹುಲ್ಲಿನ ಬೀಜಗಳನ್ನು ಗೂಡಿನಲ್ಲಿ ಕೂಡಿಸಿಟ್ಟು, ಮಳೆಯಲ್ಲಿ ನೆನೆದಾಗ ಹೊರಗೆ ತಂದು ಒಣಹಾಕುತ್ತಿದ್ದವು. 1873ರಲ್ಲಿ ಮೊಗ್ರಿಡ್ಜ್ ಎಂಬಾತನು ಫ್ರಾನ್ಸಿನ ದಕ್ಷಿಣ ತೀರದ ಇರುವೆಗಳನ್ನು ಕುರಿತು ಪುಸ್ತಕವನ್ನೇ ಬರೆದನು. ಹೊಲದ ಬದುವಿನಲ್ಲಿ ಇರುವೆಯ ಗೂಡಿನ ಬಾಯಿಯ ಸುತ್ತ ರಾಶಿಬಿದ್ದ ಹೊಟ್ಟನ್ನು ನೋಡಿರುವ ನಮ್ಮ ರೈತರಿಗೆ ಇದಕ್ಕೆ ಪುಸ್ತಕದ ಸಾಕ್ಷಿ ಬೇಕಾಗಿರಲಿಲ್ಲ.

ಇನ್ನು ದೊರೆಯ ವಿಷಯ. ಮನುಷ್ಯನು ಕೀಟಗಳ ಗೂಡಿನೊಳಗೆ ಇಣುಕಿದಾಗಲೆಲ್ಲ ಅಲ್ಲಿ ಸಿಂಹಾಸನವನ್ನು ಹುಡುಕಿದನು. ಜೇನುಗೂಡಿನ ದೊಡ್ಡ ಹುಳುವನ್ನು ಗ್ರೀಸಿನ ಅರಿಸ್ಟಾಟಲನು ಅರಸನೆಂದು ಕರೆದನು. ಅದು ಅರಸನಲ್ಲ, ಹೆಣ್ಣು ಎಂಬುದನ್ನು ಇಂಗ್ಲಿಷ್ ಓದುಗರಿಗೆ ಸಾರಿ ಹೇಳಿದವನು ಚಾರ್ಲ್ಸ್ ಬಟ್ಲರ್ ಎಂಬ ಹಳ್ಳಿಯ ಪಾದ್ರಿ. ಅವನ ಪುಸ್ತಕ ಬಂದದ್ದು 1609ರಲ್ಲಿ. ಆತ ಸಂಗೀತಗಾರನೂ ಆಗಿದ್ದನು. ಹೊಸ ರಾಣಿಯರು ಗೂಡಿನೊಳಗೆ ಹೊರಡಿಸುವ ಪೀಪಿಯಂಥ ಸದ್ದಿಗೆ ಕಿವಿಗೊಟ್ಟು ಅದನ್ನು ಸ್ವರಲಿಪಿಯಲ್ಲಿ ಬರೆದಿಟ್ಟನು. ಭಾನುವಾರದ ಪ್ರಸಂಗ ಮುಗಿಸಿ ಜೇನುಗೂಡಿಗೆ ಕಿವಿಯಾನಿಸಿ ಕುಳಿತ ಆ ಪಾದ್ರಿಯ ಚಿತ್ರ ನನಗೆ ಬಹಳ ಪ್ರಿಯವಾದುದು. ಆದರೆ ಅವನಿಗೂ ರಾಣಿಯೆಂದರೆ ಆಳುವವಳೇ. ವಾಸ್ತವವಾಗಿ ಜೇನಿನ ರಾಣಿ ಮೊಟ್ಟೆಯಿಡುವ ತಾಯಿ. ಅವಳು ಯಾರನ್ನೂ ಯಾವ ಹೂವಿಗೂ ಕಳುಹಿಸುವುದಿಲ್ಲ.

ಇದೇ ವಿಷಯದಲ್ಲಿ ನಮ್ಮ ಬೆಂಗಳೂರಿನ ಸಾಕ್ಷ್ಯವೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ‘ರೋಪಲಿಡಿಯಾ ಮಾರ್ಜಿನೇಟಾ’ ಎಂಬ ಕಣಜದ ಹುಳುವಿನ ಅಧ್ಯಯನದಲ್ಲಿ ದಶಕಗಳನ್ನು ಕಳೆದರು. ಸೂರಿನಡಿಯಲ್ಲಿ, ಕಿಟಕಿಯ ಮೂಲೆಯಲ್ಲಿ ಕಾಗದದಂಥ ಗೂಡನ್ನು ಕಟ್ಟುವ ಸಾಮಾನ್ಯ ಹುಳು ಅದು, ನೀವೂ ನೋಡಿರುತ್ತೀರಿ. ಇತರ ಕೆಲವು ಕಣಜಗಳ ರಾಣಿ ಕಚ್ಚಿ ಗದರಿಸಿ ಅಧಿಕಾರ ನಡೆಸುತ್ತದೆ. ಈ ಹುಳುವಿನ ರಾಣಿಯೋ ಗೂಡಿನಲ್ಲಿ ಬಲು ಸಾಧುವಾದ ಪ್ರಾಣಿ. ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತ, ತನ್ನ ಗ್ರಂಥಿಯಿಂದ ಸ್ರವಿಸುವ ರಾಸಾಯನಿಕವನ್ನು ಅಲ್ಲಿ ಲೇಪಿಸುತ್ತ ಹೋಗುತ್ತದೆ. ‘ನಾನಿದ್ದೇನೆ’ ಎಂಬುದಷ್ಟೇ ಆ ಲೇಪದ ಅರ್ಥ. ಆಹಾರ ತರುವುದಕ್ಕೆ ಯಾರು ಹೋಗಬೇಕೆಂಬುದನ್ನು ಕೆಲಸಗಾರ ಹುಳುಗಳು ತಮ್ಮತಮ್ಮಲ್ಲಿಯೇ ಗೊತ್ತುಮಾಡಿಕೊಳ್ಳುತ್ತವೆ. ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲಸಗಾರ ಹುಳುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಉಗ್ರವಾಗುತ್ತದೆ, ಉಳಿದವು ಎದುರಾಡುವುದಿಲ್ಲ. ಸುಮಾರು ಒಂದು ವಾರದಲ್ಲಿ ಅದು ಮೊಟ್ಟೆಯಿಡತೊಡಗುತ್ತದೆ. ಆಮೇಲೆ ಅದೂ ಹಿಂದಿನ ರಾಣಿಯಂತೆಯೇ ಸಾಧುವಾಗುತ್ತದೆ. ಇದನ್ನು ಓದಿದಾಗ ನನ್ನ ಮೇಜಿನ ಮೇಲಿದ್ದ ಬೆತ್ತ ನೆನಪಾಗಿ ಕಸಿವಿಸಿಯಾಯಿತು.

ಇರುವೆಗೆ ಹೇಳುವವರು ಯಾರು ಎಂಬ ಪ್ರಶ್ನೆಗೆ ತೀರ ಹತ್ತಿರದ ಉತ್ತರವನ್ನು ಕಂಡುಕೊಂಡವರು ಅಮೆರಿಕದ ಡೆಬೊರಾ ಗಾರ್ಡನ್. ಅರಿಜೋನದ ಮರುಭೂಮಿಯಲ್ಲಿ ಬೀಜ ಕೂಡಿಸುವ ಇರುವೆಗಳನ್ನು ಅವರು 1980ರ ದಶಕದಿಂದ ವರ್ಷ ವರ್ಷವೂ ಗಮನಿಸಿದರು. ಹೊರಗೆ ಹೋಗಬೇಕಾದ ಇರುವೆಗಳು ಗೂಡಿನ ಬಾಯಿಯ ಒಳಗೆ ಕಾದಿರುತ್ತವೆ. ಬೀಜವನ್ನು ಕಚ್ಚಿಕೊಂಡು ಬಂದ ಇರುವೆ ಅವುಗಳ ಮೀಸೆಗೆ ಮೀಸೆ ತಗುಲಿಸಿ ಒಳಗೆ ಹೋಗುತ್ತದೆ. ಹೀಗೆ ಬಂದು ತಗುಲುವವು ಬೇಗಬೇಗನೆ ಬಂದರೆ ಹೊರಗೆ ಆಹಾರ ಸಮೃದ್ಧವಾಗಿದೆಯೆಂದು ಅರ್ಥ, ಕಾದಿದ್ದವು ಹೊರಡುತ್ತವೆ. ತಡವಾದರೆ ಕಾದೇ ಇರುತ್ತವೆ. ಅಪ್ಪಣೆಯೂ ಇಲ್ಲ, ಅಪ್ಪಣೆ ಕೊಡುವವರೂ ಇಲ್ಲ. ಒಂದರ ಅನುಭವ ಇನ್ನೊಂದಕ್ಕೆ ಮುಟ್ಟುತ್ತದೆ. ಅಂದು ತರಗತಿಯಲ್ಲಿ ನನಗೆ ಇಷ್ಟು ಗೊತ್ತಿದ್ದಿದ್ದರೆ! ಗೊತ್ತಿಲ್ಲದಿದ್ದುದು ದೋಷವಲ್ಲ, ಗೊತ್ತಿಲ್ಲವೆನ್ನದೆ ಇದ್ದದ್ದು ದೋಷ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇರುವೆಗೂಡಿನಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ದೊಡ್ಡ ಪಾಲು ಇರುವೆಗಳು ಸುಮ್ಮನೆ ಕುಳಿತಿರುತ್ತವಂತೆ. ದುಡಿಯುವವು ಕಡಿಮೆಯಾದಾಗ ಇವು ಆ ಜಾಗಕ್ಕೆ ಬರುತ್ತವೆಂದು ಶೋಧಕರು ಕಂಡಿದ್ದಾರೆ. ಮೈಗಳ್ಳರನ್ನು ಇರುವೆಯ ಬಳಿಗೆ ಕಳುಹಿಸುವ ಮೇಷ್ಟರುಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಆ ಹುಡುಗನ ಮನೆಯ ಹುಳುಗಳಿಗೂ ಈ ವಿಷಯಕ್ಕೂ ನಂಟಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಕೀಟಗಳು ವಾಸನೆಯ ಮೂಲಕ ಸಂದೇಶ ಕಳುಹಿಸುತ್ತವೆಂಬ ಊಹೆ ಹಳೆಯದು. ಆದರೆ ಆ ವಾಸನೆಯ ವಸ್ತುವನ್ನು ಮೊಟ್ಟಮೊದಲು ಬೇರ್ಪಡಿಸಿ ತೋರಿಸಿದ್ದು ರೇಷ್ಮೆಯ ಪತಂಗದಿಂದ. ಜರ್ಮನಿಯ ಬುಟೆನಾಂಟ್ ಎಂಬ ರಸಾಯನಶಾಸ್ತ್ರಜ್ಞನು ಸುಮಾರು ಐದು ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಂ ವಸ್ತುವನ್ನು ಪಡೆದು, 1959ರಲ್ಲಿ ಅದರ ರಚನೆಯನ್ನು ಪ್ರಕಟಿಸಿದನು. ಅದಕ್ಕೆ ‘ಬೊಂಬಿಕಾಲ್’ ಎಂದು ಹೆಸರು. ಅದರ ಕಣಮಾತ್ರ ಸೋಕಿದರೆ ಗಂಡು ಪತಂಗ ರೆಕ್ಕೆ ಬಡಿಯುತ್ತ ಹೆಣ್ಣನ್ನು ಅರಸತೊಡಗುತ್ತದೆ. ಬಿತ್ತನೆ ಗೂಡನ್ನು ಕಂಡ ನಮ್ಮ ರಾಮನಗರ, ಕನಕಪುರದ ಜನರಿಗೆ ಆ ರೆಕ್ಕೆಬಡಿತ ಹೊಸದಲ್ಲ.

ಇಷ್ಟೆಲ್ಲ ತಿಳಿದ ಮೇಲೆ ‘ದೇವರು ಹೇಳುತ್ತಾನೆ’ ಎಂಬ ನನ್ನ ಉತ್ತರ ಸುಳ್ಳಾಯಿತೇ? ನಮ್ಮ ಸಭೆಯ ಹಿರಿಯರೊಬ್ಬರು, “ಅದೆಲ್ಲ ದೇವರಿಟ್ಟ ಹುಟ್ಟರಿವು. ಅದರಾಚೆ ತಿಳಿಯುವುದೇನಿದೆ?” ಎನ್ನುತ್ತಾರೆ. ವಿಜ್ಞಾನ ಓದುವ ನನ್ನ ತಂಗಿಯ ಮಗಳು, “ಅದೆಲ್ಲ ರಸಾಯನ ಮಾವಾ. ಅದರಾಚೆ ಏನೂ ಇಲ್ಲ” ಎನ್ನುತ್ತಾಳೆ. ಇಬ್ಬರನ್ನೂ ನಾನು ಗೌರವದಿಂದ ಕೇಳುತ್ತೇನೆ. ಇಬ್ಬರೂ ಒಂದೇ ಬಾಗಿಲನ್ನು ಎರಡು ಕಡೆಯಿಂದ ಮುಚ್ಚುತ್ತಿರುವಂತೆ ನನಗೆ ತೋರುತ್ತದೆ. ಸೃಷ್ಟಿಯ ಹಿಂದೆ ಸೃಷ್ಟಿಕರ್ತನಿದ್ದಾನೆಂದು ನಾನು ನಂಬುತ್ತೇನೆ. ವಾಸನೆಯ ಅಣುವಿನ ರಚನೆ ಗೊತ್ತಾದುದರಿಂದ ಆ ನಂಬಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೆ ಅಂದು ನಾನು ಆ ಹೆಸರನ್ನು ಹೇಳಿದ್ದು ನಂಬಿಕೆಯಿಂದಲ್ಲ. ಹುಡುಗನ ಬಾಯಿ ಮುಚ್ಚಿಸುವುದಕ್ಕೆ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಮೋಶೆಯ ಹತ್ತು ಆಜ್ಞೆಗಳಲ್ಲಿ ಒಂದು. ಆಣೆಯಿಡುವುದಷ್ಟೇ ಅದರ ಉಲ್ಲಂಘನೆಯೆಂದು ಬಾಲ್ಯದಲ್ಲಿ ಕಲಿತಿದ್ದೆ. ಸೊಲೊಮೋನನ ಮಾತಿನಲ್ಲಿರುವ ಕ್ರಿಯಾಪದಗಳು ಹೋಗುವುದು, ನೋಡುವುದು. ತಾತ ಹೋಗಲಿಲ್ಲ, ನಾನು ಹೋಗಲಿಲ್ಲ. ಕಿಟಕಿಯ ಪಕ್ಕದ ಹುಡುಗನೊಬ್ಬನೇ ನೋಡುತ್ತಿದ್ದವನು. ಅವನಿಗೆ ನಾನು ಏಟು ಕೊಟ್ಟಿದ್ದೆ.

ಈ ಮಾತು ಇಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಒಂದು ವರ್ಷ ನವೆಂಬರಿನಲ್ಲಿ ನಮ್ಮ ಮನೆಗೇ ಅತಿಥಿಗಳು ಬಂದರು. ಯಡಿಯೂರಿನ ಅಡ್ಡರಸ್ತೆಯೊಂದರ ಮೂರು ಅಂತಸ್ತಿನ ಕಟ್ಟಡದಲ್ಲಿ ಆರು ಸಂಸಾರಗಳು ವಾಸವಾಗಿದ್ದೇವೆ. ಮೇಲಿನ ಅಂತಸ್ತಿನ ಸಜ್ಜದ ಕೆಳಗೆ ಹೆಜ್ಜೇನು ಬಂದು ಕಟ್ಟಿತು. ಹಿರಿದಾದ ಜೇನು ಹೆಜ್ಜೇನು. ಹೆಸರೇ ಹೇಳುವಂತೆ ನಮ್ಮ ಜೇನುಗಳಲ್ಲೆಲ್ಲ ದೊಡ್ಡದು. ತುಡುವೆಯಂತೆ ಪೊಟರೆಯನ್ನು ಹುಡುಕದೆ, ಬಯಲಿನಲ್ಲಿ ಒಂದೇ ಒಂದು ದೊಡ್ಡ ಹಟ್ಟಿಯನ್ನು ತೂಗುಬಿಡುತ್ತದೆ. ಅದರ ಮೇಲೆ ಸಾವಿರಾರು ಹುಳುಗಳು ಪರದೆಯಂತೆ ಮುಚ್ಚಿಕೊಂಡಿರುತ್ತವೆ. ಹದ್ದೋ ಕಡಜವೋ ಹತ್ತಿರ ಸುಳಿದರೆ ಆ ಪರದೆಯ ಮೇಲೆ ಅಲೆಯೊಂದು ಎದ್ದು, ಒಂದು ಕ್ಷಣಕ್ಕಿಂತ ಕಡಿಮೆ ಹೊತ್ತಿನಲ್ಲಿ ಅಂಚಿನಿಂದ ಅಂಚಿಗೆ ಹರಿಯುತ್ತದೆ. ಪ್ರತಿಯೊಂದು ಹುಳುವೂ ಪಕ್ಕದ ಹುಳುವನ್ನು ಅನುಸರಿಸಿ ತನ್ನ ಹೊಟ್ಟೆಯನ್ನು ಮೇಲಕ್ಕೆತ್ತಿ ಇಳಿಸುವುದರಿಂದ ಆಗುವ ಅಲೆ ಅದು. ಅಪಾಯ ಇನ್ನೂ ಹೆಚ್ಚಾದರೆ ಮಾಗಿದ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ಆಗ ಅಲ್ಲಿಂದ ಓಡುವುದೇ ಜಾಣತನ.

ಕಟ್ಟಡದವರ ಸಭೆ ಸೇರಿತು. ಔಷಧಿ ಹೊಡೆಸಿಬಿಡೋಣವೆಂದು ಹೆಚ್ಚಿನವರು ಹೇಳಿದರು. ಅವರ ಭಯ ಸುಳ್ಳಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. “ಭೂಮಿಯ ಮೇಲೆ ಮನುಷ್ಯನಿಗೇ ಅಧಿಕಾರವೆಂದು ನಿಮ್ಮ ಗ್ರಂಥದಲ್ಲಿಯೇ ಇದೆಯಲ್ಲ ಮೇಷ್ಟ್ರೇ?” ಎಂದು ಮೇಲಿನ ಮನೆಯ ಇಂಜಿನಿಯರು ನಕ್ಕರು. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಅದು ಇದೆ, ನಿಜ. ಎರಡನೆಯ ಅಧ್ಯಾಯದಲ್ಲಿ ಆ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ ಎಂದೂ ಇದೆ. ಅಷ್ಟು ದೂರ ಓದುವವರು ಕಡಿಮೆ. ಮಳೆಗಾಲ ಹಿಡಿಯುವುದರೊಳಗೆ ಅವು ತಾವಾಗಿಯೇ ಹೋಗುತ್ತವೆ, ಅಲ್ಲಿಯವರೆಗೆ ಕಿಟಕಿಗಳಿಗೆ ಬಲೆ ಹಾಕಿಸಿ ರಾತ್ರಿ ಆ ಕಡೆಯ ದೀಪಗಳನ್ನು ಆರಿಸೋಣ ಎಂದು ನಾನು ವಾದಿಸಿದೆ. ಬಲೆಯ ಖರ್ಚಿನಲ್ಲಿ ಅರ್ಧವನ್ನು ನಾನೇ ಕೊಡುವುದಾಗಿ ಹೇಳಿದ ಮೇಲೆ ನನ್ನ ವಾದದಲ್ಲಿ ತೂಕ ಕಂಡಿತು.

ಅಂದಿನಿಂದ ಮೆಟ್ಟಿಲಿನ ಕಿಟಕಿಯ ಗಾಜಿನ ಹಿಂದೆ ನಿಂತು, ಹಳೆಯ ದುರ್ಬೀನಿನಿಂದ ಆ ಹಟ್ಟಿಯನ್ನು ನೋಡುವುದು ನನ್ನ ನಿತ್ಯಕರ್ಮವಾಯಿತು. ಆಸ್ಟ್ರಿಯದ ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿಗೆ 1973ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ಜೇನುಹುಳುವಿನ ನೃತ್ಯದ ಅರ್ಥವನ್ನು ಬಿಡಿಸಿದವನು ಆತ. ಹೂವಿನ ತಾಣವನ್ನು ಕಂಡುಬಂದ ಹುಳು ಹಟ್ಟಿಯ ಮೇಲೆ ಮೈಯನ್ನು ಅಲುಗಿಸುತ್ತ ನೇರವಾಗಿ ಸ್ವಲ್ಪ ದೂರ ಓಡುತ್ತದೆ. ಬಲಕ್ಕೆ ಸುತ್ತಿ ಹಿಂದಕ್ಕೆ ಬರುತ್ತದೆ. ಮತ್ತೆ ಓಡಿ ಈ ಸಲ ಎಡಕ್ಕೆ ಸುತ್ತುತ್ತದೆ. ಮೈ ಅಲುಗಿಸುವ ಓಟ ಹೆಚ್ಚು ಹೊತ್ತು ನಡೆದಷ್ಟೂ ಹೂವು ದೂರದಲ್ಲಿದೆ. ನೇರ ಮೇಲಕ್ಕೆ ಓಡಿದರೆ ಹೂವು ಸೂರ್ಯನಿರುವ ದಿಕ್ಕಿನಲ್ಲಿದೆ; ಎಡಕ್ಕೆ ವಾಲಿದರೆ ಸೂರ್ಯನಿಂದ ಅಷ್ಟೇ ಕೋನದಷ್ಟು ಎಡಕ್ಕಿದೆ. ಫ್ರಿಷ್‌ನ ಶಿಷ್ಯ ಲಿಂಡಾವರ್ 1950ರ ದಶಕದಲ್ಲಿ ಸಿಂಹಳಕ್ಕೆ ಬಂದು ನಮ್ಮ ಕಡೆಯ ಜೇನುಗಳನ್ನೂ ಪರೀಕ್ಷಿಸಿದನು. ಪುಟ್ಟ ಕೋಲುಜೇನು ಹಟ್ಟಿಯ ಮೇಲ್ಭಾಗದ ಸಮತಲದಲ್ಲಿ ನೇರವಾಗಿ ಹೂವಿನ ದಿಕ್ಕಿಗೇ ಓಡಿ ತೋರಿಸುತ್ತದೆ; ಹೆಜ್ಜೇನು ತೂಗುವ ಹಟ್ಟಿಯ ಮೇಲೆ ಕೋನವನ್ನು ಬಳಸುತ್ತದೆ.

ಮಾರ್ಚಿಯ ಒಂದು ಬೆಳಿಗ್ಗೆ, ಒಂಬತ್ತು ಗಂಟೆಯ ಹೊತ್ತಿಗೆ ಹುಳುವೊಂದು ನೆಟ್ಟನೆಯ ಗೆರೆಯಿಂದ ಎಡಕ್ಕೆ ಬಹಳವಾಗಿ ವಾಲಿ ಕುಣಿಯುತ್ತಿತ್ತು. ಸೂರ್ಯನಿದ್ದುದು ಪೂರ್ವದಲ್ಲಿ. ಬೆರಳಿನಿಂದ ಗಾಳಿಯಲ್ಲಿ ಅಳೆದು ನೋಡಿದೆ: ಅದು ಹೇಳುತ್ತಿದ್ದುದು ಉತ್ತರಕ್ಕೆ ತುಸು ಪೂರ್ವವಾಗಿರುವ ದಿಕ್ಕನ್ನು. ಆ ದಿಕ್ಕಿನಲ್ಲಿ ಲಾಲ್‌ಬಾಗ್ ಇದೆ. ಲಾಲ್‌ಬಾಗೇ ಇರಬಹುದು, ಇನ್ನಾವುದೋ ಮನೆಯ ಮುಂದಿನ ಹೊಂಗೆಯ ಮರವೂ ಇರಬಹುದು. ನನಗೆ ಮಾತ್ರ ಮೈ ನವಿರೆದ್ದಿತು. ನನ್ನನ್ನು ಉದ್ದೇಶಿಸದ ಮಾತೊಂದನ್ನು ನಾನು ಕೇಳಿಸಿಕೊಂಡಿದ್ದೆ.

ಅದನ್ನು ಮಾತು ಎನ್ನಬಹುದೇ? ವ್ಯಾಕರಣ ಹೇಳಿಕೊಟ್ಟವನಿಗೆ ಈ ಸಂದೇಹ ಸಹಜ. ಹುಳು ತನ್ನ ನೃತ್ಯದಲ್ಲಿ ಕಥೆ ಹೇಳಲಾರದು, ಪ್ರಶ್ನೆ ಕೇಳಲಾರದು. ‘ಬೇಡ’ ಎನ್ನಬಲ್ಲದು ಮಾತ್ರ: ಹೂವಿನ ಬಳಿ ಅಪಾಯವನ್ನು ಕಂಡುಬಂದ ಜೇನುಹುಳು, ಅದೇ ತಾಣವನ್ನು ಸಾರುತ್ತಿರುವ ನರ್ತಕಿಯನ್ನು ತಲೆಯಿಂದ ಗುದ್ದಿ ಸಣ್ಣ ಸದ್ದು ಮಾಡಿ ನಿಲ್ಲಿಸುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಹೀಬ್ರೂ ಭಾಷೆಯಲ್ಲಿ ಜೇನುಹುಳುವಿಗೆ ‘ದೆಬೋರ’ ಎಂದು ಹೆಸರು. ಇಸ್ರಾಯೇಲ್ಯರಿಗೆ ನ್ಯಾಯ ತೀರಿಸುತ್ತಿದ್ದ ಪ್ರವಾದಿನಿಯ ಹೆಸರೂ ಅದೇ. ಅರಿಜೋನದಲ್ಲಿ ಇರುವೆಗಳನ್ನು ನೋಡಿದ ವಿದುಷಿಯ ಹೆಸರೂ ಅದೇ ಎಂಬುದು ನನ್ನಂಥವರಿಗೆ ಒಂದು ಸಣ್ಣ ಸಂತೋಷ. ಅದೇ ಭಾಷೆಯಲ್ಲಿ ‘ದಾಬಾರ್’ ಎಂದರೆ ಮಾತು. ಎರಡಕ್ಕೂ ಅವೇ ಮೂರು ವ್ಯಂಜನಗಳು. ಒಂದರಿಂದ ಇನ್ನೊಂದು ಹುಟ್ಟಿತೇ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದ್ದರಿಂದ ನಾನು ಅದರ ಮೇಲೆ ಏನನ್ನೂ ಕಟ್ಟುವುದಿಲ್ಲ. ಆಕಾಶವು ನುಡಿಯಿಲ್ಲದೆ, ಸ್ವರವಿಲ್ಲದೆ ದೇವರ ಮಹಿಮೆಯನ್ನು ಲೋಕಕ್ಕೆಲ್ಲ ಮುಟ್ಟಿಸುತ್ತದೆಂಬ ಭಾವದ ಕೀರ್ತನೆಯೊಂದನ್ನು ನಾವು ದೇವಾಲಯದಲ್ಲಿ ಹಾಡುತ್ತೇವೆ. ನುಡಿಯಿಲ್ಲದೆ ಮುಟ್ಟಿಸುವುದು ಹೇಗೆಂಬುದು ಹಾಡುವಾಗ ನನಗೆ ಎಂದೂ ಹೊಳೆದಿರಲಿಲ್ಲ. ಆ ಮೆಟ್ಟಿಲಿನ ಕಿಟಕಿಯ ಬಳಿ ಹೊಳೆಯಿತು.

ಏಪ್ರಿಲ್ ತಿಂಗಳಲ್ಲಿ ಒಂದು ಅನಾಹುತವಾಯಿತು. ಪಕ್ಕದ ಬಯಲಿನಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದರು. ಹೊಗೆ ಮೇಲೇರಿ ಹುಳುಗಳು ಎದ್ದವು. ನಮ್ಮ ಕಟ್ಟಡದ ಕಾವಲುಗಾರನಿಗೆ ಐದಾರು ಕಡೆ ಕುಟುಕಿದವು. ಆತ ಮುಖವನ್ನು ಟವೆಲಿನಿಂದ ಮುಚ್ಚಿಕೊಂಡು ಮೆಟ್ಟಿಲ ಕೆಳಗೆ ಕುಳಿತುಬಿಟ್ಟಿದ್ದ. ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಊತ ಮೂರು ದಿನ ಇಳಿಯಲಿಲ್ಲ. ಯಾರೂ ನನ್ನನ್ನು ನೇರವಾಗಿ ದೂರಲಿಲ್ಲ, ದೂರಿದ್ದರೆ ಸಮಾಧಾನವಾಗುತ್ತಿತ್ತು. ಬಲೆ ಹಾಕಿಸಿದ್ದು ನಮ್ಮ ನಮ್ಮ ಕಿಟಕಿಗಳಿಗೆ. ಅವನ ಗೂಡಂಗಡಿಯಂಥ ಕೋಣೆಗೆ ಬಲೆ ಬೇಕೆಂಬುದು ಸಭೆಯಲ್ಲಿ ಯಾರಿಗೂ ತೋಚಿರಲಿಲ್ಲ, ತೋಟವನ್ನು ಕಾಯುವ ಮಾತನಾಡಿದ ನನಗೂ ತೋಚಿರಲಿಲ್ಲ. ಈ ಸಲ ನಾನು ಕೇಳಬೇಕಾದುದನ್ನು ಕೇಳಿದೆ. ಅವನ ಕೈ ಹಿಡಿದು, “ತಪ್ಪಾಯಿತಪ್ಪ” ಎಂದೆ. “ಬಿಡಿ ಮೇಷ್ಟ್ರೇ, ಹುಳ ಏನು ನಿಮ್ಮ ಮಾತು ಕೇಳ್ತವಾ?” ಎಂದು ಅವನು ಊದಿದ ತುಟಿಯಲ್ಲಿಯೇ ನಕ್ಕ. ಮರುದಿನ ಅವನ ಕೋಣೆಗೂ ಬಲೆ ಬಂದಿತು.

ಮೇ ತಿಂಗಳ ನಡುವೆ ಹಟ್ಟಿಯಲ್ಲಿ ಹುಳುಗಳ ನೃತ್ಯ ಬದಲಾದಂತೆ ಕಂಡಿತು. ಓಟ ಬಹಳ ಉದ್ದವಾಯಿತು. ಹೆಜ್ಜೇನು ವಲಸೆ ಹೊರಡುವ ಮುನ್ನ, ಯಾವ ಹೂವನ್ನೂ ಸೂಚಿಸದೆ ದೂರದ ದಿಕ್ಕೊಂದನ್ನೇ ಸಾರುವ ಇಂಥ ನೃತ್ಯವನ್ನು ಮಾಡುತ್ತದೆಂದು ಓದಿದ್ದೆ. ಒಂದು ಬೆಳಿಗ್ಗೆ ಹೋಗಿ ನೋಡುವಾಗ ಪರದೆ ಇರಲಿಲ್ಲ. ಬರಿದಾದ ಹಟ್ಟಿ ಒಣಗಿದ ಎಲೆಯಂತೆ ತೂಗುತ್ತಿತ್ತು. ಕೆಲವು ದಿನಗಳಲ್ಲಿ ಅದೂ ಉದುರಿತು. ಸಜ್ಜದ ಕೆಳಗೆ ಒಂದು ಗೇಣುದ್ದದ ಮೇಣದ ಗುರುತು ಉಳಿಯಿತು. ಒಂದೇ ಸಂಸಾರದ ಹೆಜ್ಜೇನು ತಿಂಗಳುಗಳ ಮೇಲೆ ಅದೇ ಕೊಂಬೆಗೆ, ಅದೇ ಸೂರಿಗೆ ಹಿಂದಿರುಗುವುದುಂಟು. ದುಡಿಯುವ ಹುಳುಗಳ ಆಯುಷ್ಯವೋ ಬಹಳ ಕಡಿಮೆ. ಬರುವ ಹುಳುಗಳಿಗೆ ಆ ಜಾಗವನ್ನು ಹೇಳುವವರು ಯಾರು? ಪುಸ್ತಕದಲ್ಲಿ ಇದಕ್ಕೆ ಇನ್ನೂ ಖಚಿತವಾದ ಉತ್ತರವಿಲ್ಲ.

ದಸರೆಗೆ ಮೊದಲು ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸಿದೆವು. ಬಣ್ಣ ಹೊಡೆಯುವ ಹುಡುಗ ಏಣಿಯ ಮೇಲಿನಿಂದ, “ಸಾರ್, ಇಲ್ಲೇನೋ ಮೇಣ ಅಂಟಿದೆ. ಕೆರೆದು ತೆಗೆದುಬಿಡಲಾ?” ಎಂದು ಕೂಗಿ ಕೇಳಿದ.

ಬೇಡವೆಂದೆ.

“ಯಾಕೆ ಸಾರ್?” ಎಂದ ಅವನು.

ಅವನನ್ನು ಏಣಿಯಿಂದ ಇಳಿದು ಬರಹೇಳಿದೆ. ಮೆಟ್ಟಿಲಿನ ಮೇಲೆ ಇಬ್ಬರೂ ಕುಳಿತೆವು.